ನೀರೊಳಗಿನ ನಾದ

1994ರ ನವೆಂಬರ್ ತಿಂಗಳಿನಲ್ಲಿ ಮಾರುಕಟ್ಟೆಗೆ ಬಂದ ‘ಡಾಂಕಿ ಕಾಂಗ್ ಕಂಟ್ರಿ’ ಎಂಬ ವಿಡಿಯೊ ಗೇಮಿನಲ್ಲಿ, ಕಳ್ಳರ ಪಾಲಾದ ತನ್ನ ಬಾಳೆಹಣ್ಣಿನ ರಾಶಿಯನ್ನು ಮರಳಿ ಪಡೆಯಲೆಂದು ಹೊರಟ ಗೊರಿಲ್ಲವೊಂದು, ಕಾಡಿನ ಹಗ್ಗಗಳಿಗೆ ಜೋತುಬಿದ್ದು, ಗವಿಯ ಕತ್ತಲನ್ನು ಹಾದು, ಎದುರಾದ ಮೊಸಳೆಗಳನ್ನು ಮೆಟ್ಟಿ, ನಾಲ್ಕನೆಯ ಘಟ್ಟಕ್ಕೆ ಬಂದಾಗ ನೀರಿಗಿಳಿಯುತ್ತದೆ. ಅದುವರೆಗೆ ಬೆನ್ನ ಹಿಂದೆ ನಿಂತು ಮುಂದೆ ಮುಂದೆ ಎಂದು ಹುರಿದುಂಬಿಸುತ್ತಿದ್ದ ತಾಳದ ಅಬ್ಬರ ಅಲ್ಲಿ ಒಮ್ಮೆಗೇ ಅಡಗುತ್ತದೆ. ತೆರೆಯ ತುಂಬ ನೀಲಿ; ಆ ನೀಲಿಯಲ್ಲಿ ಹವಳದ ಬಂಡೆಗಳು; ಅವುಗಳ ನಡುವೆ ಎಲ್ಲಿಂದಲೋ ಹುಟ್ಟಿ, ಬಣ್ಣ ಬದಲಿಸುತ್ತ, ಯಾರಿಗಾಗಿಯೂ ಅವಸರಪಡದೆ ಹರಡಿಕೊಳ್ಳುವ ಒಂದು ಸ್ವರಪುಂಜ. ಮೂವತ್ತು ವರ್ಷಗಳ ಹಿಂದೆ ಈ ಆಟವನ್ನಾಡಿದವರನ್ನು ಇಂದು ಕೇಳಿದರೆ, ಹಣ್ಣುಗಳ ಲೆಕ್ಕವನ್ನಾಗಲಿ ಶತ್ರುಗಳ ಹೆಸರನ್ನಾಗಲಿ ಅವರು ಮರೆತಿರಬಹುದು. ಆದರೆ ಆ ನೀರನ್ನು ಮರೆತವರು ವಿರಳ. ಒಮ್ಮೆಯೂ ಒದ್ದೆಯಾಗದೆ ನೋಡಿದ ಆ ಜಾಗ, ತಾವು ಬಾಲ್ಯದಲ್ಲಿ ನಿಜವಾಗಿ ಕಂಡ ಊರುಗಳ ಸಾಲಿನಲ್ಲಿ ಅವರ ನೆನಪಿನೊಳಗೆ ನಿಂತುಬಿಟ್ಟಿದೆ.

ಗಾಜಿನ ತೆರೆಯ ಮೇಲಿನ ಒಂದು ಚಿತ್ರವು ಹೀಗೆ ಸ್ಥಳವಾಗಿ ಪರಿಣಮಿಸುವುದು ಹೇಗೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ. ‘ಅಕ್ವಾಟಿಕ್ ಆಂಬಿಯನ್ಸ್’ ಎಂಬ ಆ ಒಂದು ಸಂಗೀತರಚನೆಯ ಹುಟ್ಟನ್ನು ಹಿಂಬಾಲಿಸಿ ಹೋದರೆ ಇದಕ್ಕೆ ಉತ್ತರದ ಬಹುಭಾಗ ದೊರೆಯುತ್ತದೆಂದು ನಾನು ನಂಬಿದ್ದೇನೆ.

ವಿಡಿಯೊ ಗೇಮಿನ ನೀರಿಗೆ ತನ್ನದೇ ಆದ ಸಂಗೀತವಿರಬೇಕೆಂಬ ಕಲ್ಪನೆ ಇದಕ್ಕೂ ಹಿಂದಿನದು. 1985ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಸಂಗೀತ ರಚಿಸಿದ ಕೋಜಿ ಕೊಂಡೊ ಅವರು ಆಗಿನ್ನೂ ಇಪ್ಪತ್ತನಾಲ್ಕರ ಪ್ರಾಯದವರು; ಹಿಂದಿನ ವರ್ಷವಷ್ಟೇ ನಿಂಟೆಂಡೊ ಕಂಪನಿ ಸೇರಿದ್ದರು. ಬಯಲಿಗೆ ನೆಗೆತದ ಲಯ, ನೆಲದಡಿಯ ಸುರಂಗಕ್ಕೆ ನಡುನಡುವೆ ಮೌನವನ್ನಿರಿಸಿದ ಪುಟ್ಟದೊಂದು ಸ್ವರಗುಚ್ಛ, ನೀರಿಗೆ ಮೂರು ಮಾತ್ರೆಯ ವಾಲ್ಟ್ಸ್ ಗತಿ ಎಂದು ಅವರು ಲೋಕವನ್ನು ಕಿವಿಯಿಂದಲೇ ಭಾಗಮಾಡಿ ಕೊಟ್ಟರು. ಈಜುವ ಮಾರಿಯೊ ಮೇಲೇಳುತ್ತ ಕೆಳಗಿಳಿಯುತ್ತ ಸಾಗುವಾಗ, ಆ ತೂಗಾಟದ ಲಯ ಅವನ ಕೈಕಾಲುಗಳಿಂದಲೇ ಹುಟ್ಟಿದಂತೆ ಕೇಳುತ್ತದೆ. ಆದರೆ ಆ ಆಟದಲ್ಲಿ ಒಂದು ಗಡಿಯಾರವಿತ್ತು. ಪ್ರತಿ ಘಟ್ಟಕ್ಕೂ ಕಾಲದ ಮಿತಿ. ಅದು ನೂರಕ್ಕಿಂತ ಕೆಳಗಿಳಿದೊಡನೆ ಸಂಗೀತವೇ ವೇಗವಾಗಿ ಓಡತೊಡಗಿ ಆಡುವವನನ್ನು ಅಟ್ಟುತ್ತಿತ್ತು. ನೀರು ಎಷ್ಟೇ ಸೊಗಸಾಗಿದ್ದರೂ ಅಲ್ಲಿ ಇರುವುದಕ್ಕೆ ಅಪ್ಪಣೆಯಿಲ್ಲ. ಹಾದುಹೋಗುವುದಕ್ಕೆ ಮಾತ್ರ ಅಪ್ಪಣೆ.

ಒಂಬತ್ತು ವರ್ಷಗಳ ತರುವಾಯ ನೀರಿನಲ್ಲಿ ಇರುವ ಅಪ್ಪಣೆಯನ್ನು ಕೊಟ್ಟವರು ಇಂಗ್ಲೆಂಡಿನವರು. ಲೆಸ್ಟರ್‌ಷೈರ್ ಪ್ರಾಂತದ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ‘ರೇರ್’ ಕಂಪನಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಸಹೋದರರು ಕಟ್ಟಿದ್ದು. ಎಂಬತ್ತರ ದಶಕದಲ್ಲಿ ಈ ಸಹೋದರರು ಒಂದು ಸಂಗೀತದ ಅಂಗಡಿಗೆ ಹೋಗಿದ್ದಾಗ, ಯಮಾಹಾ ಕಂಪನಿಯ ಸಂಗೀತದ ಕಂಪ್ಯೂಟರೊಂದನ್ನು ನುಡಿಸಿ ತೋರಿಸುತ್ತಿದ್ದ ತರುಣನೊಬ್ಬನು ಅವರ ಕಣ್ಣಿಗೆ ಬಿದ್ದನು. ತಾನೇ ರಚಿಸಿದ ಸಂಗೀತವನ್ನು ಕೇಳಿಸಿದ ಆ ತರುಣನನ್ನು ಅವರು ಕೆಲಸಕ್ಕೆ ಕರೆದರು. ಹೀಗೆ 1985ರಲ್ಲಿ ರೇರ್ ಕಂಪನಿಯ ಸಂಗೀತಗಾರರಾದ ಡೇವಿಡ್ ವೈಸ್ ಅವರು, ಮುಂದಿನ ಒಂಬತ್ತು ವರ್ಷಗಳ ಕಾಲ ಆ ಸಂಸ್ಥೆಯ ಆಟಗಳಿಗೆಲ್ಲ ಒಬ್ಬರೇ ಸ್ವರ ಕೂಡಿಸಿದರು. ‘ಡಾಂಕಿ ಕಾಂಗ್ ಕಂಟ್ರಿ’ಗೆ ಎವಲಿನ್ ಫಿಷರ್ ಮತ್ತು ರಾಬಿನ್ ಬೀನ್‌ಲ್ಯಾಂಡ್ ಕೂಡ ನೆರವಾದರಾದರೂ ಹೆಚ್ಚಿನ ಭಾರವನ್ನು ಹೊತ್ತವರು ವೈಸ್ ಅವರೇ. ನಿಂಟೆಂಡೊಗೆ ಇಷ್ಟು ಮುಖ್ಯವಾದ ಪಾತ್ರದ ಆಟಕ್ಕೆ ಕಡೆಗೆ ಜಪಾನಿನ ಸಂಗೀತಗಾರರೇ ಬರುತ್ತಾರೆ, ತನ್ನ ರಚನೆಗಳು ತಾತ್ಕಾಲಿಕ ಮಾತ್ರ ಎಂದು ಅವರು ಮೊದಲಿಗೆ ಭಾವಿಸಿದ್ದರಂತೆ. ಕಾಡಿನ ಘಟ್ಟಕ್ಕಾಗಿ ಮಾಡಿಕೊಟ್ಟ ಮೂರು ಮಾದರಿಗಳು ಒಂದಾಗಿ ಹೆಣೆದುಕೊಂಡು ಆಟದ ಮೊದಲ ಸಂಗೀತವಾದುವು. ಅದುವರೆಗೆ ಬಿಡಿಯಾಗಿ ಕೆಲಸ ಮಾಡಿಕೊಡುತ್ತಿದ್ದ ಅವರಿಗೆ ಪೂರ್ಣಕಾಲದ ಕೆಲಸವೂ ದೊರೆಯಿತು.

ಇನ್ನು ಅವರ ಕೈಯಲ್ಲಿದ್ದ ಸಾಧನವನ್ನು ನೋಡಬೇಕು. ಇದನ್ನು ತಿಳಿಯದೆ ಆ ಸಂಗೀತದ ಬೆಲೆ ತಿಳಿಯದು. ಈ ಆಟ ನಡೆಯುತ್ತಿದ್ದ ಸೂಪರ್ ನಿಂಟೆಂಡೊ ಯಂತ್ರದೊಳಗೆ ಧ್ವನಿಗೆಂದೇ ಪ್ರತ್ಯೇಕವಾಗಿದ್ದ ಚಿಪ್ಪನ್ನು ರೂಪಿಸಿದವರು ಸೋನಿ ಕಂಪನಿಯ ಕೆನ್ ಕುಟರಾಗಿ, ಮುಂದೆ ಪ್ಲೇಸ್ಟೇಷನ್ನಿನ ಜನಕರೆಂದು ಪ್ರಸಿದ್ಧರಾದವರು. ಅದು ಏಕಕಾಲಕ್ಕೆ ಎಂಟು ದನಿಗಳನ್ನು ಹೊರಡಿಸಬಲ್ಲದು. ನಿಜವಾದ ವಾದ್ಯಗಳ ಧ್ವನಿಯ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ನುಡಿಸಬಲ್ಲದು. ಆದರೆ ಇದಕ್ಕೆಲ್ಲ ಇದ್ದ ನೆನಪಿನ ಸ್ಥಳ 64 ಕಿಲೋಬೈಟ್ ಮಾತ್ರ. ಸಂಗೀತದ ಸಿ.ಡಿ.ಯೊಂದರ ಒಂದೇ ಒಂದು ಸೆಕೆಂಡಿನ ಧ್ವನಿಗೆ 1,76,400 ಬೈಟುಗಳು ಬೇಕು. ಇಲ್ಲಿದ್ದುದು 65,536 ಬೈಟು, ಅಂಥ ಅರ್ಧ ಸೆಕೆಂಡಿಗೂ ಸಾಲದಷ್ಟು. ಅಷ್ಟರಲ್ಲಿಯೇ ವಾದ್ಯಗಳ ತುಣುಕುಗಳಿರಬೇಕು, ಸ್ವರಗಳ ಸರಣಿಯಿರಬೇಕು, ಅವನ್ನು ನುಡಿಸುವ ಪ್ರೋಗ್ರಾಮು ಇರಬೇಕು. ಧ್ವನಿಯ ಹದಿನಾರು ಅಳತೆಗಳನ್ನು ಒಂಬತ್ತು ಬೈಟುಗಳೊಳಗೆ ಹಿಂಡಿ ಇಡುವ ಉಪಾಯ ಆ ಚಿಪ್ಪಿನಲ್ಲಿತ್ತು. ಅದೊಂದು ದೊಡ್ಡ ಅನುಕೂಲ. ಪ್ರತಿಧ್ವನಿಯನ್ನು ಹುಟ್ಟಿಸುವ ಸೌಕರ್ಯವೂ ಇತ್ತು. ಆದರೆ ಸೆಕೆಂಡಿನ ಸಾವಿರದಲ್ಲಿ ಹದಿನಾರು ಭಾಗದಷ್ಟು ಕಾಲ ದನಿಯನ್ನು ತಡೆದು ಮರಳಿಸಬೇಕಾದರೂ 2 ಕಿಲೋಬೈಟ್ ಸ್ಥಳವನ್ನು ತೆರಬೇಕಾಗಿತ್ತು. ನೀರಿನ ವಿಸ್ತಾರವನ್ನು ಕಿವಿಗೆ ತೋರಿಸುವುದು ಪ್ರತಿಧ್ವನಿಯೇ ಆದುದರಿಂದ, ವಿಸ್ತಾರ ಹೆಚ್ಚಿದಷ್ಟೂ ವಾದ್ಯಗಳಿಗೆ ಜಾಗ ಕಡಮೆ. ವಾದ್ಯಗಳು ಹೆಚ್ಚಿದಷ್ಟೂ ವಿಸ್ತಾರ ಕಡಮೆ.

ಆ ಕಾಲದ ಸ್ಟುಡಿಯೊಗಳಲ್ಲಿ ಕೋರ್ಗ್ ಕಂಪನಿಯ ವೇವ್‌ಸ್ಟೇಷನ್ ಎಂಬ ಸಿಂಥಸೈಜರ್ ಒಂದಿತ್ತು. 1990ರಲ್ಲಿ ಬಂದ ಆ ವಾದ್ಯದ ವೈಶಿಷ್ಟ್ಯವೆಂದರೆ, ಒಂದು ಕೀಲಿಯನ್ನು ಒತ್ತಿ ಹಿಡಿದಾಗ ಹೊರಡುವ ದನಿ ಮೊದಲಿನಿಂದ ಕೊನೆಯವರೆಗೆ ಒಂದೇ ಬಣ್ಣದ್ದಾಗಿರುವುದಿಲ್ಲ; ಒಂದು ತರಂಗ ಮುಗಿಯುವ ಮುನ್ನವೇ ಮತ್ತೊಂದು ಅದರೊಳಗೆ ಬೆರೆಯುತ್ತದೆ, ಅದರೊಳಗೆ ಮೂರನೆಯದು; ಸ್ವರ ಒಂದೇ, ಆದರೆ ಅದರ ಛಾಯೆ ಎಡೆಬಿಡದೆ ಪಲ್ಲಟಿಸುತ್ತಿರುತ್ತದೆ. ವೈಸ್ ಅವರಿಗೆ ನೀರಿಗಾಗಿ ಬೇಕಾಗಿದ್ದುದು ಈ ಗುಣವೇ. ಆದರೆ ಅಂಥ ದೊಡ್ಡ ವಾದ್ಯದ ದನಿಯನ್ನು ಹಾಗೆಯೇ ಹಿಡಿದು ತುಂಬಲು ಚಿಪ್ಪಿನಲ್ಲಿ ಎಡೆಯೆಲ್ಲಿ? ಅವರು ದನಿಯನ್ನು ತುಂಬಲಿಲ್ಲ. ದನಿಯ ವರ್ತನೆಯನ್ನು ಮರುಸೃಷ್ಟಿಸಿದರು. ಅತಿ ಚಿಕ್ಕ ತರಂಗಗಳ ತುಣುಕುಗಳನ್ನು ಆರಿಸಿಕೊಂಡು, ಒಂದಾದ ಮೇಲೊಂದರಂತೆ, ಹೊಲಿಗೆ ಕಾಣದ ಹಾಗೆ ಅವು ಒಂದರೊಳಗೊಂದು ಸಂದುಹೋಗುವಂತೆ ಅನುಕ್ರಮವನ್ನು ಕಟ್ಟಿದರು. ಕೀಬೋರ್ಡಿನ ಮೇಲೆ ಬೆರಳಾಡಿಸಿ ನುಡಿಸಿದ್ದನ್ನು ಯಂತ್ರ ಬರೆದುಕೊಳ್ಳುವ ಸೌಲಭ್ಯವಿಲ್ಲ. ಪ್ರತಿಯೊಂದು ಸ್ವರದ ಎತ್ತರವನ್ನೂ ಅವಧಿಯನ್ನೂ ಗಟ್ಟಿತನವನ್ನೂ ಅಂಕೆಗಳಾಗಿ ಟೈಪುಮಾಡಬೇಕು. ಈ ಒಂದು ರಚನೆಗೆ ಐದು ವಾರಗಳು ಹಿಡಿದುವು. ಅಂಕೆಗಳ ಆ ನೀರಸವಾದ ಸಾಲುಗಳ ಆಚೆ ದಡದಲ್ಲಿ ಇಂಥ ಮಾರ್ದವವಿದೆಯೆಂದು ಮೊದಲೇ ಕಂಡು, ಅದನ್ನು ತಲುಪುವವರೆಗೆ ಬಿಡದೆ ದುಡಿದ ಆ ತಾಳ್ಮೆಯನ್ನು ನಾನು ಪ್ರತಿಭೆಯ ಒಂದು ಅಂಗವೆಂದೇ ಎಣಿಸುತ್ತೇನೆ. ಆ ಆಟಕ್ಕಾಗಿ ತಾವು ರಚಿಸಿದವುಗಳಲ್ಲಿ ಇದೇ ತಮಗೆ ಅತ್ಯಂತ ಪ್ರಿಯವಾದುದೆಂದು ವೈಸ್ ಅವರೂ ಹೇಳಿದ್ದಾರೆ.

ಕೇಳಿ ನೋಡಿದರೆ ಅದರ ಕಟ್ಟು ಸರಳ. ತಳದಲ್ಲಿ ಆ ಪಲ್ಲಟಿಸುವ ಸ್ವರಪುಂಜ, ಕಛೇರಿಯಲ್ಲಿ ಹಿಂದೆ ಕುಳಿತ ತಂಬೂರಿಯ ಹಾಗೆ, ಉಳಿದುದೆಲ್ಲಕ್ಕೂ ಅವಕಾಶವನ್ನು ಕಲ್ಪಿಸುತ್ತ ನಿಂತಿರುತ್ತದೆ. ಅದರ ಮೇಲೆ ಬಿಡಿಬಿಡಿಯಾಗಿ ಬಿದ್ದು ಚದುರುವ ಸ್ವರಗಳು. ಬಹಳ ಹೊತ್ತು ಕಾಯಿಸಿ ಬರುವ, ಬಂದರೂ ದನಿ ಏರಿಸದ ತಾಳ. ಕೊಂಚ ವಿಷಾದವನ್ನು ಒಳಗಿಟ್ಟುಕೊಂಡ ಒಂದು ರಾಗರೇಖೆ. ಆ ವಿಷಾದಕ್ಕೆ ಆಟದ ಕಥೆಯಲ್ಲಿ ಯಾವ ಕಾರಣವೂ ಇಲ್ಲ. ಬಾಳೆಹಣ್ಣು ಕಳೆದುಕೊಂಡ ಗೊರಿಲ್ಲದ ದುಃಖವಂತೂ ಅದಲ್ಲ. ಅದು ನೀರಿನದೇ, ಯಾರೂ ಬಾರದಿದ್ದಾಗಲೂ ಅಲ್ಲಿ ಅದು ಹೀಗೆಯೇ ಕೇಳುತ್ತಿತ್ತು, ನಾವು ಹೋದ ಮೇಲೂ ಕೇಳುತ್ತಿರುತ್ತದೆ ಎಂಬ ಭಾವನೆ ಆಡುವವನ ಮನಸ್ಸಿಗೆ ತಾನಾಗಿ ಬರುತ್ತದೆ. ತೆರೆಯ ಮೇಲಿನ ಚಿತ್ರ ಸ್ಥಳವಾಗುವುದು ಈ ಘಳಿಗೆಯಲ್ಲಿ. ನಮ್ಮ ಸಾಹಸಕ್ಕೆ ಹಿಮ್ಮೇಳವಾಗಿ ನುಡಿಯುವ ಸಂಗೀತ ನಮ್ಮನ್ನು ನಮಗೆ ನೆನಪಿಸುತ್ತದೆ. ನಮ್ಮನ್ನು ಲೆಕ್ಕಿಸದೆ ನುಡಿಯುವ ಸಂಗೀತ ನಾವು ನಿಂತಿರುವ ಜಾಗವನ್ನು ನೆನಪಿನಲ್ಲಿ ಊರುತ್ತದೆ.

ಆದರೆ ಸಂಗೀತವೊಂದೇ ಈ ಕಾರ್ಯವನ್ನು ಸಾಧಿಸಿತೆಂದು ಹೇಳಿದರೆ ಅದು ಆಟವನ್ನು ಕಟ್ಟಿದವರಿಗೆ ಮಾಡುವ ಅನ್ಯಾಯವಾದೀತು. ‘ಡಾಂಕಿ ಕಾಂಗ್ ಕಂಟ್ರಿ’ಯಲ್ಲಿ ಗಡಿಯಾರವಿಲ್ಲ, ನೀರಿನಲ್ಲಿ ಎಷ್ಟು ಹೊತ್ತು ಬೇಕಾದರೂ ತೇಲುತ್ತಿರಬಹುದು, ಗೊರಿಲ್ಲಕ್ಕೆ ಉಸಿರು ಕಟ್ಟುವುದೂ ಇಲ್ಲ. ಇನ್ನೊಂದು ವಿಶೇಷವೆಂದರೆ, ನೆಲದ ಮೇಲೆ ಶತ್ರುಗಳನ್ನು ಉರುಳಿಸಿ ಮೆಟ್ಟಬಲ್ಲ ಈ ಬಲಶಾಲಿ ನೀರಿನಲ್ಲಿ ನಿರಾಯುಧನು. ಎನ್‌ಗಾರ್ಡ್ ಎಂಬ ಕತ್ತಿಮೀನು ಸಿಕ್ಕಿ ಅದರ ಬೆನ್ನೇರಿದಾಗಲಲ್ಲದೆ ಮಿಕ್ಕ ವೇಳೆಯಲ್ಲಿ ಯಾರನ್ನೂ ಹೊಡೆಯುವಂತಿಲ್ಲ. ಮೀನುಗಳ ಸಾಲು ಎದುರಿಗೆ ಬಂದರೆ ಕಾಯಬೇಕು, ಬಾಯ್ದೆರೆದ ಚಿಪ್ಪು ಮುತ್ತುಗಳನ್ನು ಉಗುಳುತ್ತಿದ್ದರೆ ನಡುವೆ ನುಸುಳಬೇಕು. ಕಾಯುವವನ ಕಿವಿ ತೆರೆದಿರುತ್ತದೆ. ಹೋರಾಡುವ ಕೈಗಳಿಗೆ ಕೆಲಸವಿಲ್ಲದಂತೆ ಮಾಡಿದ ಆಟದ ಈ ನಿಯಮವೇ ಸಂಗೀತಕ್ಕೆ ಸಭೆಯನ್ನು ಒದಗಿಸಿತು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಕಂಪ್ಯೂಟರುಗಳಲ್ಲಿ ಮೂರು ಆಯಾಮದ ಆಕೃತಿಗಳನ್ನು ರಚಿಸಿ ಅವನ್ನು ಚಿತ್ರಗಳಾಗಿಸಿ ಆಟದೊಳಗಿಟ್ಟ ಆಗಿನ ನೂತನ ವಿಧಾನದ ಬಗ್ಗೆ ಪತ್ರಿಕೆಗಳು ಬಹಳ ಬರೆದುವು. ಆ ಚಿತ್ರಗಳ ಬೆರಗು ಇಂದು ಹಳತಾಗಿದೆ. ನೀರಿನ ಸಂಗೀತ ಹಳತಾಗಿಲ್ಲ.

ಇಡೀ ಆಟದಲ್ಲಿ ಇಂಥ ನೀರಿನ ಘಟ್ಟಗಳು ನಾಲ್ಕಿವೆ. ನಾಲ್ಕಕ್ಕೂ ಸಂಗೀತ ಒಂದೇ. ಮೊದಲನೆಯದಾದ ‘ಕೋರಲ್ ಕೇಪರ್ಸ್’ನಲ್ಲಿ ನೀರು ನೀಲಿ. ಆಟದ ಉತ್ತರಭಾಗದಲ್ಲಿ, ಮೊಸಳೆಗಳು ಕಾರ್ಖಾನೆಗಳನ್ನು ಕಟ್ಟಿ ದ್ವೀಪವನ್ನು ಹೊಗೆ ಹೊಲಸಿನಿಂದ ತುಂಬಿರುವಲ್ಲಿ, ಬರುವ ‘ಪಾಯ್ಸನ್ ಪಾಂಡ್’ನಲ್ಲಿ ನೀರು ಹಸುರುಗಟ್ಟಿದೆ. ಸಂಗೀತದ ಒಂದು ಸ್ವರವೂ ಬದಲಾಗಿಲ್ಲ. ಆದರೆ ಮೊದಲು ಪ್ರಶಾಂತವೆಂದು ಕೇಳಿದ ಅದೇ ರಾಗರೇಖೆ ಇಲ್ಲಿ ಹಾಳಾದ ಊರಿನಲ್ಲಿ ಉಳಿದ ಹಳೆಯ ನೆರೆಯವರ ದನಿಯಂತೆ ಎದೆಗೆ ತಾಗುತ್ತದೆ. ಒಂದೇ ಸಂಗೀತವನ್ನು ಮತ್ತೆ ಬಳಸಿದ್ದು ಸ್ಥಳದ ಉಳಿತಾಯಕ್ಕಾಗಿಯೇ ಇರಬಹುದು; ಫಲ ಮಾತ್ರ ಉಳಿತಾಯವನ್ನು ಮೀರಿದ್ದು.

ಇದಕ್ಕೆ ಬೇರೆಯಾದ ಮಾರ್ಗವೂ ಆ ಕಾಲದಲ್ಲಿಯೇ ತೆರೆದುಕೊಂಡಿತ್ತು. ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯಲ್ಲಿ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಅವರು ರೂಪಿಸಿದ ಐಮ್ಯೂಸ್ ಎಂಬ ಪದ್ಧತಿ, 1991ರ ‘ಮಂಕಿ ಐಲ್ಯಾಂಡ್ 2’ ಆಟದಲ್ಲಿ ಮೊದಲು ಕೇಳಿಸಿತು. ಮುರುಕು ಹಡಗುಗಳಿಂದಲೇ ಕಟ್ಟಿದ ವುಡ್‌ಟಿಕ್ ಎಂಬ ಊರಿನಲ್ಲಿ ನಾಯಕನು ಒಂದೊಂದು ಬಾಗಿಲನ್ನು ಹೊಕ್ಕಾಗಲೂ ಊರಿನ ರಾಗವೇ ಆ ಮನೆಗೆ ತಕ್ಕ ವಾದ್ಯವನ್ನೂ ನಡೆಯನ್ನೂ ಧರಿಸಿ, ಎಲ್ಲಿಯೂ ಕಡಿದುಹೋಗದೆ, ಮುಂದುವರಿಯುತ್ತದೆ. 1996ರ ‘ಸೂಪರ್ ಮಾರಿಯೊ 64’ರಲ್ಲಿ ಕೊಂಡೊ ಅವರು ಈ ಬಗೆಯ ಚಾತುರ್ಯವನ್ನು ನೀರಿಗೇ ತಂದರು: ‘ಜಾಲಿ ರೋಜರ್ ಬೇ’ಯ ದಡದಲ್ಲಿ ಕೀಬೋರ್ಡಿನ ದನಿ ಮಾತ್ರ, ಮುಳುಗಿದೊಡನೆ ತಂತಿವಾದ್ಯಗಳು ಕೂಡಿಕೊಳ್ಳುತ್ತವೆ, ಗವಿಯನ್ನು ಹೊಕ್ಕಾಗ ತಾಳ ಸೇರುತ್ತದೆ. ಇದು ಅತ್ಯಂತ ಚೆಲುವಾದ ಕೆಲಸ. ಇಂದಿನ ದೊಡ್ಡ ಆಟಗಳು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದಿವೆ. ಆದರೂ ನನಗೆ ಆರಿಸು ಎಂದರೆ ನಾನು ಆರಿಸುವುದು ವೈಸ್ ಅವರ ನೀರನ್ನೇ. ನಮ್ಮ ಹೆಜ್ಜೆಹೆಜ್ಜೆಗೂ ಓಗೊಡುವ ಜಾಗ ನಮ್ಮ ಸೇವೆಗೆ ನಿಂತ ಜಾಗವಾಗುತ್ತದೆ. ಓಗೊಡದೆ ತನ್ನಷ್ಟಕ್ಕೆ ತಾನಿರುವ ಜಾಗಕ್ಕೆ ಮಾತ್ರ ನಾವು ಅತಿಥಿಗಳಾಗಿ ಹೋಗಬಹುದು.

ವೈಸ್ ಅವರು ಮರುವರ್ಷ, 1995ರಲ್ಲಿ, ಆಟದ ಎರಡನೆಯ ಭಾಗದಲ್ಲಿ ಮುಳ್ಳಿನ ಬಳ್ಳಿಗಳು ಹೆಣೆದುಕೊಂಡ ಆಕಾಶಕ್ಕೆ ಇದೇ ಬಗೆಯ, ಇದಕ್ಕಿಂತಲೂ ಪ್ರಖ್ಯಾತವಾದ ಒಂದು ರಚನೆಯನ್ನು ಕೊಟ್ಟರು. ಕ್ಷಣ ತಪ್ಪಿದರೆ ಮುಳ್ಳಿಗೆ ಸಿಕ್ಕುವ ಆ ಕಠಿನ ಘಟ್ಟದಲ್ಲಿಯೂ ಸಂಗೀತ ಶಾಂತವಾಗಿಯೇ ಇತ್ತು. 2009ರಲ್ಲಿ ಅವರು ರೇರ್ ಕಂಪನಿಯನ್ನು ಬಿಟ್ಟರು. 2010ರಲ್ಲಿ ಅಮೆರಿಕದ ರೆಟ್ರೊ ಸ್ಟುಡಿಯೋಸ್ ಸಂಸ್ಥೆ ಹೊಸದಾಗಿ ರಚಿಸಿದ ಡಾಂಕಿ ಕಾಂಗ್ ಆಟದಲ್ಲಿ ಈಜುವ ಘಟ್ಟಗಳೇ ಇರಲಿಲ್ಲ. ನಾಲ್ಕು ವರ್ಷಗಳ ಬಳಿಕ, 2014ರಲ್ಲಿ, ಅದರ ಮುಂದಿನ ಆಟ ‘ಟ್ರಾಪಿಕಲ್ ಫ್ರೀಜ್’ ಬಂದಾಗ ನೀರೂ ಮರಳಿತು, ಡೇವಿಡ್ ವೈಸ್ ಅವರೂ ಮರಳಿದರು. ಈ ಸಲ ಅವರಿಗೆ 64 ಕಿಲೋಬೈಟಿನ ಕಟ್ಟು ಇರಲಿಲ್ಲ.

ಮನೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇಂಥ ಆಟವನ್ನಾಡುತ್ತಿದ್ದರೆ, ಬರಿಯ ಸದ್ದೆಂದು ಬಗೆದು ದನಿಯನ್ನು ತಗ್ಗಿಸಲು ಹೇಳುವ ಮೊದಲು, ಅವರ ಪಕ್ಕದಲ್ಲಿ ಕುಳಿತು ಒಂದು ಘಟ್ಟ ಮುಗಿಯುವವರೆಗೆ ಕಿವಿಗೊಟ್ಟು ಕೇಳಬೇಕೆಂದು ಓದುಗರಲ್ಲಿ ನನ್ನ ವಿನಂತಿ.