ಆ್ಯಪ್ ಯಾರನ್ನೂ ಕಳಿಸುವುದಿಲ್ಲ

ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಒಂದಲ್ಲ ಒಂದು ಸಲ ಈ ಮಾತು ಬಂದೇ ಬರುತ್ತದೆ. "ಏನೇ, ನಿಮ್ಮೂರಲ್ಲಿ ಮೊಬೈಲ್ ಒತ್ತಿದ್ರೆ ಸಾಕಂತೆ, ವಯಸ್ಸಾದವರನ್ನ ನೋಡ್ಕೊಳ್ಳೋಕೆ ಮನೆ ಬಾಗಿಲಿಗೇ ಜನ ಬರ್ತಾರಂತೆ? ನಮ್ಮಲ್ಲಿ ದೋಸೆ ತರಿಸಿದ ಹಾಗೆ?"

ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೆಲ್ಬರ್ನ್‌ನಲ್ಲೇ ಹದಿನೈದು ವರ್ಷದಿಂದ ಇರುವವರೂ ಹೀಗೇ ನಂಬಿಕೊಂಡಿರುವುದನ್ನು ಕಂಡ ಮೇಲೆ ನಗು ನಿಂತಿತು. ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಸಾಲಿನಲ್ಲಿ ಐದು ನಿಮಿಷ ಕಿವಿಗೊಟ್ಟರೆ ಸಾಕು. "ಆ ಆ್ಯಪ್‌ನವರು ಕಳಿಸ್ತಾರೆ", "ಆ್ಯಪ್‌ನವರೇ ಚೆಕ್ ಮಾಡಿರ್ತಾರೆ", "ಏನಾದ್ರೂ ಆದ್ರೆ ಆ್ಯಪ್‌ನವರನ್ನ ಕೇಳಿದ್ರಾಯ್ತು." ಮೂರೂ ಅರ್ಧ ಸತ್ಯ. ನಮ್ಮ ಅತ್ತೆಯವರಿಗೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸೋತಾಗ ನಾನೂ ಈ ಮೂರನ್ನೂ ನಂಬಿಕೊಂಡೇ ಶುರು ಮಾಡಿದವಳು.

ಆಸ್ಟ್ರೇಲಿಯಾದಲ್ಲಿ ಆರೈಕೆಯವರನ್ನು ಹುಡುಕಿಕೊಳ್ಳುವ ಈ ಆ್ಯಪ್ ವೇದಿಕೆಗಳು ಬೆಳೆದದ್ದಕ್ಕೆ ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ದುಡ್ಡು ಹರಿಯುವ ದಾರಿ ಬದಲಾದದ್ದು. ಅಂಗವೈಕಲ್ಯ ಇರುವವರಿಗಾಗಿ 2013ರಲ್ಲಿ ಎನ್‌ಡಿಐಎಸ್ ಎಂಬ ರಾಷ್ಟ್ರೀಯ ವಿಮಾ ಯೋಜನೆ ಬಂತು. ಅದುವರೆಗೆ ಸರ್ಕಾರದ ಹಣ ಸಂಸ್ಥೆಗಳಿಗೆ ಹೋಗುತ್ತಿತ್ತು, ಸಂಸ್ಥೆ ಕಳಿಸಿದವರು ಬರುತ್ತಿದ್ದರು. ಈಗ ಹಣ ವ್ಯಕ್ತಿಯ ಹೆಸರಿಗೆ. ಯಾರು ಬೇಕು ಎಂದು ಆರಿಸುವವರು ಅವರೇ. ವಯಸ್ಸಾದವರ ಮನೆ ಆರೈಕೆಯ ಪ್ಯಾಕೇಜುಗಳೂ 2017ರ ಫೆಬ್ರುವರಿಯಿಂದ ವ್ಯಕ್ತಿಯ ಬೆನ್ನಿಗೇ ಬರತೊಡಗಿದವು. ಸಂಸ್ಥೆ ಬದಲಿಸಿದರೆ ಹಣವೂ ಜೊತೆಗೆ ಹೋಗುತ್ತದೆ. ಆರಿಸುವ ಹಕ್ಕು ಬಂದ ಮೇಲೆ ಆರಿಸಿಕೊಳ್ಳಲು ಒಂದು ಸಂತೆ ಬೇಕಲ್ಲ. ಮೇಬಲ್ ಎಂಬ ವೇದಿಕೆ ಹುಟ್ಟಿದ್ದು 2014ರಲ್ಲಿ, ಆಗ ಅದರ ಹೆಸರು ಬೆಟರ್ ಕೇರಿಂಗ್. ಮುಂದೆ ಹೈರ್‌ಅಪ್ ಬಂತು. ಅಂಗವೈಕಲ್ಯವಿದ್ದ ಸೋದರನೊಂದಿಗೆ ಬೆಳೆದ ಜೋರ್ಡನ್ ಮತ್ತು ಲಾರಾ ಓರೈಲಿ ಎಂಬ ಒಡಹುಟ್ಟಿದವರು ಕಟ್ಟಿದ್ದು ಅದು.

ಸಂತೆ ಎಂದೆನಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸಂತೆಯ ಗುತ್ತಿಗೆದಾರ ಜಾಗ ಕೊಡುತ್ತಾನೆ, ಸುಂಕ ವಸೂಲಿ ಮಾಡುತ್ತಾನೆ. ಬದನೆಕಾಯಿ ಹುಳುಕಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯಲಾಗದು.

ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ಮಿಣುಕಿತು, ಅತ್ತೆಯನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿನ ಸಂದೇಶ. "ಜ್ವರ, ಇವತ್ತು ಬರಲಾಗದು, ಕ್ಷಮಿಸಿ." ಅತ್ತೆ ಎದ್ದು ಹಾಸಿಗೆಯಲ್ಲಿ ಕೂತಿದ್ದಾರೆ, ನನಗೆ ಎಂಟಕ್ಕೆ ರೈಲು. ವೇದಿಕೆಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ ಹೇಳಿದಳು, ಬದಲಿ ಜನ ಕಳಿಸುವುದು ತಮ್ಮ ಕೆಲಸವಲ್ಲವಂತೆ, ಬೇಕಿದ್ದರೆ ಹೊಸದಾಗಿ ಜಾಹೀರಾತು ಹಾಕಬಹುದಂತೆ. ಅವತ್ತು ಅತ್ತೆಗೆ ಸ್ನಾನ ಮಾಡಿಸಿದವಳು ನಾನೇ, ರಜೆ ಹಾಕಿ. ಸಿಟ್ಟು ಬಂದಿತ್ತು. ಒಪ್ಪಂದ ತೆಗೆದು ಓದಿದಾಗ ಸಿಟ್ಟು ನಾಚಿಕೆಯಾಯಿತು. ಎಲ್ಲ ಅದರಲ್ಲೇ ಇತ್ತು. ಆ ಹೆಂಗಸಿನ ಜೊತೆ ಒಪ್ಪಂದ ಮಾಡಿಕೊಂಡದ್ದು ನಮ್ಮ ಮನೆ, ವೇದಿಕೆಯಲ್ಲ.

ದೋಸೆ ತರಿಸಿದ ಹಾಗಲ್ಲ ಎನ್ನುವುದೂ ಇಲ್ಲಿಂದಲೇ. ಏನು ಕೆಲಸ, ಯಾವ ದಿನ, ಎಷ್ಟು ಹೊತ್ತು ಎಂದು ನಾವು ಬರೆದು ಹಾಕಬೇಕು. ಆಸಕ್ತಿ ಇದ್ದವರು ಉತ್ತರಿಸುತ್ತಾರೆ, ಒಮ್ಮೆ ಮನೆಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಅವರೂ ನಮ್ಮನ್ನು ಒಪ್ಪಬೇಕು. ನಾನು ಮೊದಲು ಮಾತಾಡಿಸಿದವರು ಮನೆ ನೋಡಿ, ಬಚ್ಚಲಿನಲ್ಲಿ ಹಿಡಿದು ನಿಲ್ಲಲು ಕಂಬಿ ಇಲ್ಲದ್ದನ್ನು ನೋಡಿ, ಅದನ್ನು ಹಾಕಿಸುವತನಕ ಸ್ನಾನ ಮಾಡಿಸಲಾರೆ ಎಂದು ಹೇಳಿ ಹೋದರು. ಹೆಣ್ಣು ನೋಡಲು ಬಂದವರು ಒಲ್ಲೆ ಎಂದಂತಾಯಿತು. ಈಗ ಯೋಚಿಸಿದರೆ, ನಾನು ಮಾತಾಡಿಸಿದವರಲ್ಲೆಲ್ಲ ಕೆಲಸ ಬಲ್ಲವರು ಅವರೇ.

ಎಲ್ಲ ಆ್ಯಪ್‌ಗಳೂ ಒಂದೇ ಎನ್ನುವುದು ಮತ್ತೊಂದು ನಂಬಿಕೆ. ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ, ನಗುಮುಖದ ಫೋಟೋ, ನಕ್ಷತ್ರ, ಗಂಟೆಗೆ ಇಷ್ಟು ಎಂಬ ದರ. ಒಳಗೆ ಅಜಗಜಾಂತರ. ಮೇಬಲ್‌ನಲ್ಲಿರುವವರು ಸ್ವತಂತ್ರ ಗುತ್ತಿಗೆದಾರರು. ಸ್ವಂತ ಎಬಿಎನ್, ಅಂದರೆ ವ್ಯಾಪಾರದ ನೋಂದಣಿ ಸಂಖ್ಯೆ ಇಟ್ಟುಕೊಂಡು, ತಮ್ಮ ದರ ತಾವೇ ಹೇಳುವವರು. ಹೈರ್‌ಅಪ್ ತನ್ನ ವರ್ಕರ್‌ಗಳನ್ನು ನೌಕರರಾಗಿ ಇಟ್ಟುಕೊಳ್ಳುತ್ತದೆ. ಸಂಬಳದಲ್ಲಿ ತೆರಿಗೆ ಹಿಡಿಯುವುದು, ನಿವೃತ್ತಿ ನಿಧಿ ಕಟ್ಟುವುದು ಅದರ ಪಾಲಿನ ಕೆಲಸ. ಯಾರು ಮೇಲು ಎಂದು ಕೇಳಬೇಡಿ. ಯಾವುದರಲ್ಲಿ ಏನು ನಮ್ಮ ತಲೆಗೆ ಬರುತ್ತದೆ ಎಂದು ಕೇಳಿ.

ದುಡ್ಡಿನ ಲೆಕ್ಕದಲ್ಲಿ ತಪ್ಪು ತಿಳಿವಳಿಕೆ ಇನ್ನೂ ದಟ್ಟ. "ಗಂಟೆಗೆ ಐವತ್ತು ಡಾಲರ್! ನನ್ನ ಐಟಿ ಕೆಲಸಕ್ಕಿಂತ ವಾಸಿ" ಎಂದು ಗೆಳೆಯರೊಬ್ಬರು ಹುಬ್ಬೇರಿಸಿದ್ದರು. ಕಾಗದದ ಮೇಲೆ ಹೌದು. ವೇದಿಕೆ 10% ಹಿಡಿದುಕೊಂಡರೆ ಕೈಗೆ ಬರುವುದು 45. ನೌಕರರಿಗೆ ಮಾಲೀಕ ಸಂಬಳದ ಮೇಲೆ 12% ನಿವೃತ್ತಿ ನಿಧಿ ಕಟ್ಟಬೇಕು, 2025ರ ಜುಲೈನಿಂದ ಅದೇ ದರ. ಗುತ್ತಿಗೆದಾರಳು ಅದನ್ನು ಈ 45ರಲ್ಲೇ ಎತ್ತಿಡಬೇಕು. ತೆರಿಗೆಯೂ ಅದರಲ್ಲೇ. ಜ್ವರ ಬಂದ ಮಂಗಳವಾರಕ್ಕೆ ಸಂಬಳವಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಲವತ್ತು ನಿಮಿಷ ಕಾರು ಓಡಿಸಿದ್ದನ್ನು ಹೆಚ್ಚಿನ ಮನೆಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನು ಎನ್‌ಡಿಐಎಸ್ ಪ್ರಕಟಿಸುವ ದರ, 2024-25ರಲ್ಲಿ ವಾರದ ದಿನದ ಹಗಲಿನ ವೈಯಕ್ತಿಕ ಆರೈಕೆಗೆ ಗಂಟೆಗೆ 67.56 ಡಾಲರ್, ನಿಗದಿಯಾದ ಕೂಲಿಯಲ್ಲ, ಮೇಲ್ಮಿತಿ. ಅಷ್ಟು ಕೊಡಲೇಬೇಕೆಂದೇನಿಲ್ಲ. ತಮ್ಮ ಹಣವನ್ನು ತಾವೇ ನಿರ್ವಹಿಸಿಕೊಳ್ಳುವವರಿಗೆ ಆ ಮಿತಿಯೂ ಅನ್ವಯಿಸದು.

ಇಂಥ ಗುತ್ತಿಗೆದಾರರಿಗೆ ಕಾನೂನಿನಲ್ಲಿ ಯಾವ ಆಸರೆಯೂ ಇಲ್ಲ ಎಂಬ ಮಾತು ಮೊದಲು ಬಹುಮಟ್ಟಿಗೆ ನಿಜವಿತ್ತು. 2024ರ ಆಗಸ್ಟ್ 26ರಿಂದ ಸ್ವಲ್ಪ ಬದಲಾಗಿದೆ. ಊಟ ತಲುಪಿಸುವವರು, ಆರೈಕೆ ಮಾಡುವವರು, ಹೀಗೆ ಡಿಜಿಟಲ್ ವೇದಿಕೆಗಳ ಮೂಲಕ ದುಡಿಯುವವರಲ್ಲಿ ಚೌಕಾಸಿಯ ಬಲವಿಲ್ಲದವರನ್ನು 'ನೌಕರರಂಥವರು' ಎಂದು ಗುರುತಿಸಿ, ಅವರಿಗೆ ಕನಿಷ್ಠ ಮಟ್ಟ ನಿಗದಿ ಮಾಡುವ ಅಧಿಕಾರ ಫೇರ್ ವರ್ಕ್ ಆಯೋಗಕ್ಕೆ ಸಿಕ್ಕಿದೆ. ಸಾಕಷ್ಟು ಕಾಲ ದುಡಿದವರ ಖಾತೆಯನ್ನು ಅನ್ಯಾಯವಾಗಿ ಮುಚ್ಚಿದರೆ ಪ್ರಶ್ನಿಸುವ ದಾರಿಯೂ 2025ರ ಫೆಬ್ರುವರಿಯಿಂದ ತೆರೆದಿದೆ.

ಸುರಕ್ಷತೆಯ ವಿಷಯದಲ್ಲಿ ಎರಡು ನಂಬಿಕೆಗಳಿವೆ, ಒಂದಕ್ಕೊಂದು ತದ್ವಿರುದ್ಧ. 'ಆ್ಯಪ್‌ನವರು ಪರಿಶೀಲಿಸಿದ್ದಾರೆ, ಕಣ್ಣು ಮುಚ್ಚಿ ನಂಬಬಹುದು' ಎಂದು ಕೆಲವರು. 'ನೋಂದಣಿ ಇಲ್ಲದವರು, ಹೇಳುವವರಿಲ್ಲ ಕೇಳುವವರಿಲ್ಲ' ಎಂದು ಇನ್ನು ಕೆಲವರು.

ಮೊದಲ ನಂಬಿಕೆಯಿಂದ ಶುರು ಮಾಡೋಣ. ಪೊಲೀಸ್ ತಪಾಸಣೆ ಹೇಳುವುದು ಹಿಂದೆ ಸಿಕ್ಕಿಬಿದ್ದ ಅಪರಾಧಗಳ ಕತೆಯನ್ನು ಮಾತ್ರ. ಅದಕ್ಕಿಂತ ಗಟ್ಟಿಯಾದದ್ದು 2021ರ ಫೆಬ್ರುವರಿಯಲ್ಲಿ ಬಂದ ಎನ್‌ಡಿಐಎಸ್ ವರ್ಕರ್ ಸ್ಕ್ರೀನಿಂಗ್. ಐದು ವರ್ಷ ಚಾಲ್ತಿಯಲ್ಲಿರುತ್ತದೆ, ನಡುವೆ ಹೊಸ ಮಾಹಿತಿ ಬಂದರೆ ಮತ್ತೆ ಪರಿಶೀಲಿಸುತ್ತಾರೆ. ಎನ್‌ಡಿಐಎಸ್‌ನಲ್ಲಿ ನೋಂದಾಯಿತವಾದ ಸಂಸ್ಥೆಗಳಲ್ಲಿ ಅಪಾಯದ ಸಾಧ್ಯತೆ ಇರುವ ಕೆಲಸಗಳಿಗೆ ಕಡ್ಡಾಯ. ನೋಂದಣಿ ಇಲ್ಲದವರ ಬಳಿ ನಾವೇ ಬಾಯಿಬಿಟ್ಟು ಕೇಳಬೇಕು. ಹಾಗೆಂದು ನೋಂದಣಿ ಇಲ್ಲದವರು ಕಾನೂನಿನಾಚೆ ಇಲ್ಲ. ಎನ್‌ಡಿಐಎಸ್ ಹಣ ಪಡೆದು ಸೇವೆ ಕೊಡುವ ಪ್ರತಿಯೊಬ್ಬರಿಗೂ ಅದರ ನೀತಿ ಸಂಹಿತೆ ಅನ್ವಯಿಸುತ್ತದೆ, ಯಾರ ಮೇಲಾದರೂ ದೂರು ಕೊಡಬಹುದು, ಎನ್‌ಡಿಐಎಸ್‌ನ ಸುರಕ್ಷತಾ ಆಯೋಗ ಅವರನ್ನು ಈ ಕೆಲಸದಿಂದಲೇ ನಿಷೇಧಿಸಬಹುದು. ನಿಷೇಧಿತರ ಪಟ್ಟಿ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. ಹೊಸಬರನ್ನು ಇಟ್ಟುಕೊಳ್ಳುವ ಮುಂಚೆ ಅದರಲ್ಲೊಮ್ಮೆ ಹೆಸರು ಹುಡುಕಿ, ಎರಡು ನಿಮಿಷದ ಕೆಲಸ. ವೇದಿಕೆಗಳನ್ನೇ ಕಡ್ಡಾಯ ನೋಂದಣಿಗೆ ಒಳಪಡಿಸುವುದಾಗಿ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು.

ನೋಂದಣಿ ಆಯಿತೆಂದರೆ ಎಲ್ಲ ಸರಿಹೋಗುತ್ತದೆಯೇ? 2020ರ ಏಪ್ರಿಲ್‌ನಲ್ಲಿ ಅಡಿಲೇಡ್‌ನಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 54 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಒಂದು ಬೆತ್ತದ ಕುರ್ಚಿಯಲ್ಲೇ ಬಿಡಲಾಗಿತ್ತು. ಊಟ, ನಿದ್ದೆ, ಮಲಮೂತ್ರ ಎಲ್ಲ ಅದರಲ್ಲೇ. ನೋಡಿಕೊಳ್ಳುತ್ತಿದ್ದವಳು ಒಬ್ಬಳೇ, ಅವಳನ್ನು ಕಳಿಸಿದ್ದು ಆ್ಯಪ್ ಅಲ್ಲ, ನೋಂದಾಯಿತ ಸಂಸ್ಥೆ. ಅವಳು ನರಹತ್ಯೆಯ ಅಪರಾಧ ಒಪ್ಪಿಕೊಂಡು ಜೈಲಿಗೆ ಹೋದಳು. ಆ ಸಾವಿನ ಬಗ್ಗೆ ಪರಿಶೀಲನೆ ನಡೆಸಿದ ಮಾಜಿ ನ್ಯಾಯಾಧೀಶ ಅಲನ್ ರಾಬರ್ಟ್‌ಸನ್ ಅವರ ಶಿಫಾರಸುಗಳಲ್ಲಿ ಒಂದು ಸಾದಾ ಮಾತಿತ್ತು: ದುರ್ಬಲ ಸ್ಥಿತಿಯಲ್ಲಿರುವ ಯಾರೊಬ್ಬರನ್ನೂ ಒಬ್ಬರೇ ಕೇರರ್ ಕೈಗೆ ಬಿಡಬಾರದು.

ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಮನೆಯಲ್ಲೂ ಒಬ್ಬರೇ. ಒಳ್ಳೆಯವರು, ನೇಪಾಳದವರು, ಅತ್ತೆಯನ್ನು 'ಆಮಾ' ಎನ್ನುವವರು. ಅವರ ಮೇಲೆ ಅನುಮಾನವಿರಲಿಲ್ಲ. ಆದರೆ ಹಗಲು ಮನೆಯೊಳಗೆ ನಡೆಯುವುದನ್ನು ಕಾಣುವ ಇನ್ನೊಂದು ಜೊತೆ ಕಣ್ಣು ಇರಲಿಲ್ಲ. ಒಬ್ಬರಿಗೇ ಒಗ್ಗಿಕೊಳ್ಳುವುದು ಒಳ್ಳೆಯದು ಎಂಬ ನಂಬಿಕೆಯನ್ನು ನಾವು ಅವತ್ತೇ ಬಿಟ್ಟೆವು. ವಾರಕ್ಕೆ ಎರಡು ದಿನ ಬೇರೊಬ್ಬರು ಬರತೊಡಗಿದರು. ಜ್ವರದ ಮಂಗಳವಾರದ ಸಮಸ್ಯೆಯೂ ಅದರೊಂದಿಗೇ ಕಳೆಯಿತು.

ಅತ್ತೆಗೆ ಎನ್‌ಡಿಐಎಸ್ ಸಿಗುವುದಿಲ್ಲವೇ ಎಂದು ಈಗಲೂ ಕೇಳುವವರಿದ್ದಾರೆ. ಸಿಗುವುದಿಲ್ಲ. 65 ತುಂಬುವ ಮುಂಚೆ ಅರ್ಜಿ ಹಾಕಿರಬೇಕು. ಅಷ್ಟರಲ್ಲಿ ಸೇರಿದವರು ಆಮೇಲೂ ಮುಂದುವರಿಯಬಹುದು. ಎಪ್ಪತ್ತಕ್ಕೆ ಸ್ಟ್ರೋಕ್ ಆದವರ ದಾರಿ ವೃದ್ಧರ ಆರೈಕೆ ವ್ಯವಸ್ಥೆ, ಸರ್ಕಾರದ ಮೈ ಏಜ್ಡ್ ಕೇರ್‌ನ ಮೌಲ್ಯಮಾಪನ. ಅಲ್ಲಿ 2025ರ ನವೆಂಬರ್ 1ರಿಂದ ಹೊಸ ಕಾಯ್ದೆ, 'ಸಪೋರ್ಟ್ ಅಟ್ ಹೋಮ್' ಎಂಬ ಹೊಸ ಯೋಜನೆ, ಹಳೆಯ ನಾಲ್ಕು ಹಂತದ ಬದಲು ಎಂಟು. ಈ ಹಣ ನೋಂದಾಯಿತ ಸಂಸ್ಥೆಯ ಮೂಲಕವೇ ಹರಿಯಬೇಕು. ವೇದಿಕೆಯಲ್ಲಿ ಸಿಕ್ಕ ವರ್ಕರ್ ನಮಗೆ ಎಷ್ಟೇ ಇಷ್ಟವಾಗಲಿ, ಸಂಸ್ಥೆ ಒಪ್ಪಬೇಕು. ಅವರ ಕೆಲಸಕ್ಕೆ ಜವಾಬು ಹೇಳಬೇಕಾದದ್ದೂ ಆ ಸಂಸ್ಥೆಯೇ.

"ನೀನೇ ಎಬಿಎನ್ ಮಾಡಿಸ್ಕೋ, ಹೇಗೂ ಅತ್ತೆಯನ್ನ ನೋಡ್ಕೊಳ್ತೀಯ, ದುಡ್ಡಾದರೂ ಬರುತ್ತೆ" ಎಂದು ಸಲಹೆ ಕೊಟ್ಟವರೂ ಉಂಟು. ಅತ್ತೆಗೆ ಎನ್‌ಡಿಐಎಸ್ ಇಲ್ಲ; ಇದ್ದವರಿಗೂ ಅಲ್ಲಿ ಮನೆಯವರ ಆರೈಕೆಗೆ ಹಣ ಕೊಡುವುದು ತೀರ ವಿಶೇಷ ಸಂದರ್ಭದಲ್ಲಿ ಮಾತ್ರ. ಮನೆಮಂದಿಗೆಂದು ಸರ್ಕಾರದ ಸೆಂಟರ್‌ಲಿಂಕ್ ಕೊಡುವ ಕೇರರ್ ಅಲವೆನ್ಸ್‌ಗೆ ಬೇರೆಯೇ ಅರ್ಜಿ.

ಬೆಂಗಳೂರಿನಿಂದ, ಮಂಗಳೂರಿನಿಂದ ಓದಲು ಬಂದ ಮಕ್ಕಳಿಗೊಂದು ಮಾತು. ಇವರಲ್ಲಿ ಬಹಳ ಜನ ಈ ಕೆಲಸ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು; ಎಬಿಎನ್‌ನಲ್ಲಿ ಮಾಡಿದ್ದು ಲೆಕ್ಕಕ್ಕೆ ಬರದು ಎಂಬ ಮಾತು ಹಾಸ್ಟೆಲ್ ಗಾಳಿಸುದ್ದಿ. ಬರುತ್ತದೆ. ಏಜ್ಡ್ ಕೇರ್‌ಗೆ ಕೋವಿಡ್ ಕಾಲದ ವಿನಾಯಿತಿ ಇತ್ತು, 2023ರ ಕೊನೆಗೆ ಮುಗಿಯಿತು. ವೀಸಾ ಕಳೆದುಕೊಂಡ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಲಹೆ ಕೊಟ್ಟವನು ಫೋನ್ ಎತ್ತುವುದಿಲ್ಲ.

ನಮ್ಮ ಊರಿನಲ್ಲಿ ಇಂಥವರನ್ನೆಲ್ಲ 'ಹೋಂ ನರ್ಸ್' ಎಂದುಬಿಡುತ್ತೇವೆ. ಅದೇ ಅಭ್ಯಾಸದಲ್ಲಿ ಇಲ್ಲಿಯೂ ಸಪೋರ್ಟ್ ವರ್ಕರ್ ಕೈಗೆ ಇನ್ಸುಲಿನ್ ಸೂಜಿ ಕೊಡಹೋದವರಿದ್ದಾರೆ. ಇವರು ನರ್ಸ್ ಅಲ್ಲ. ಸ್ನಾನ, ಊಟ, ಆಸ್ಪತ್ರೆಗೆ ಜೊತೆ, ಪಾರ್ಕಿಗೆ ಜೊತೆ, ಬಟ್ಟೆ ಮಡಿಸುವುದು, ಇದು ಅವರ ಕೆಲಸ. ನರ್ಸ್ ಬೇಕಾದರೆ ನರ್ಸ್ ಅನ್ನೇ ಹುಡುಕಬೇಕು.

ಕನ್ನಡದವರೇ ಬೇಕೆಂದು ಹಟ ಹಿಡಿಯುವುದರ ಬಗ್ಗೆ ನನಗೆ ಒಂದೇ ಅಭಿಪ್ರಾಯವಿಲ್ಲ. ಮರೆವಿನ ಕಾಯಿಲೆ ಬಂದವರು ಆಮೇಲೆ ಕಲಿತ ಇಂಗ್ಲಿಷ್ ಮರೆತು ಮನೆಮಾತಿಗೆ ಮರಳುವುದುಂಟು. ಅಂಥವರಿಗೆ ಕನ್ನಡ ಔಷಧಿಯಷ್ಟೇ ಮುಖ್ಯ. ಆದರೆ ಅತ್ತೆಯ ಸಮಸ್ಯೆ ಮಾತಿನದಾಗಿರಲಿಲ್ಲ. ತಲೆಯ ಮೇಲಿಂದ ಸುರಿಯುವ ಶವರ್ ಅವರಿಗೆ ಭಯ. ನೇಪಾಳದ ಹೆಂಗಸು ಎರಡು ದಿನ ನೋಡಿದರು. ಮೂರನೆಯ ದಿನ ಇಂಡಿಯನ್ ಅಂಗಡಿಯಿಂದ ಪ್ಲಾಸ್ಟಿಕ್ ಬಕೆಟ್, ಸ್ಟೀಲ್ ಚೊಂಬು ತಂದರು. ಅತ್ತೆ ಬಲಗೈಯಲ್ಲಿ ಚೊಂಬು ಹಿಡಿದು ತಾವೇ ಕಾಲಿನ ಮೇಲೆ ನೀರು ಹೊಯ್ದುಕೊಂಡರು.

ಎರಡನೆಯವರು ಬರಲು ಶುರುವಾದ ವಾರ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಮೊದಲನೆಯವರು ಎರಡನೆಯವರಿಗೆ ಬರೆದದ್ದು. ನೀರು ಬಿಸಿ, ಸುಡಬಾರದು. ಮೊದಲು ಕಾಲು, ಕೊನೆಗೆ ತಲೆ. ಚೊಂಬು ಅವರ ಕೈಗೇ ಕೊಡಿ. ನಿಲ್ಲಿಸುವ ಮುಂಚೆ 'ಸಾಕಾ?' ಎಂದು ಕೇಳಿ.