ಒಂದೇ ಬಣ್ಣ, ಊರಿಗೊಂದು ಕಾನೂನು

ಜಾತ್ರೆಯ ಬಿಸಿಲಿನಲ್ಲಿ, ಅದು ಕೋಲಾರ ತಾಲ್ಲೂಕಿನ ವಕ್ಕಲೇರಿಯಾಗಲಿ ಬೇರೆ ಊರಾಗಲಿ, ಮಕ್ಕಳ ಕಣ್ಣು ಮೊದಲು ಹೋಗುವುದು ಕಿತ್ತಳೆ ಬಣ್ಣದ ಬಾಟಲಿಯ ಕಡೆಗೆ. ರುಚಿ ಆಮೇಲಿನ ಮಾತು. ಆ ಬಣ್ಣ ಹೆಚ್ಚಾಗಿ ಹಣ್ಣಿನಿಂದ ಬಂದದ್ದಲ್ಲ. ‘ಸನ್‌ಸೆಟ್ ಯೆಲ್ಲೊ’ ಎಂಬ ಕೃತಕ ಬಣ್ಣ ಅದು. ಲೇಬಲ್ಲಿನಲ್ಲಿ ಅದರ ಗುರುತು 110. ಬ್ರಿಟನ್ನಿನಲ್ಲಿ ಫ್ಯಾಂಟಾ ಪಾನೀಯಕ್ಕೆ ಇದೇ ಬಣ್ಣ ಬರುವುದು ಕ್ಯಾರೆಟ್ ಮತ್ತು ಕುಂಬಳಕಾಯಿಯ ಸಾರದಿಂದ. ಹೆಸರು ಒಂದೇ, ಬಣ್ಣ ಬೇರೆ. ಏಕೆ?

ಇದರ ಬೇರು 19ನೇ ಶತಮಾನದಲ್ಲಿದೆ. 1856ರಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ರಾಸಾಯನಿಕದಿಂದ ನೇರಳೆ ಬಣ್ಣ ತೆಗೆದ. ಬಟ್ಟೆಗೆಂದು ಹುಟ್ಟಿದ ಇಂಥ ಬಣ್ಣಗಳು ಬಹುಬೇಗ ತಿನಿಸಿಗೂ ಬಂದವು. ಯಾವುದು ತಿನ್ನಲು ತಕ್ಕದ್ದು ಎಂಬ ಪಟ್ಟಿಯನ್ನು ಒಂದೊಂದು ದೇಶವೂ ತನ್ನ ಕಾಲಕ್ಕೆ, ತನ್ನ ಕಾನೂನಿಗೆ ತಕ್ಕಂತೆ ಮಾಡಿಕೊಂಡಿತು. ಅಮೆರಿಕ 1907ರಲ್ಲಿ ಏಳು ಬಣ್ಣಗಳನ್ನು ಒಪ್ಪಿತು. ನಮ್ಮಲ್ಲಿ ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ. ಈಗ ಅದರ ಜಾಗದಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ.

ಹೀಗಾಗಿ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಪಾನ್ಸೊ 4ಆರ್ ಮತ್ತು ಕಾರ್ಮೊಯ್ಸಿನ್ ಎಂಬ ಕೆಂಪು ಬಣ್ಣಗಳಿಗೆ ಭಾರತದಲ್ಲೂ ಯೂರೋಪಿನಲ್ಲೂ ಅನುಮತಿಯಿದೆ, ಅಮೆರಿಕದಲ್ಲಿಲ್ಲ. ಫಾಸ್ಟ್ ಗ್ರೀನ್ ಎಂಬ ಹಸಿರಿಗೆ ಭಾರತ, ಅಮೆರಿಕಗಳಲ್ಲಿ ಅನುಮತಿಯಿದೆ, ಯೂರೋಪಿನಲ್ಲಿಲ್ಲ. ಅಮರಾಂತ್ ಎಂಬ ಕೆಂಪನ್ನು ಅಮೆರಿಕ 1976ರಲ್ಲಿ ಕೈಬಿಟ್ಟಿತು. ಪಕ್ಕದ ಕೆನಡಾ ಉಳಿಸಿಕೊಂಡಿತು.

ಪ್ರಮಾಣದಲ್ಲೂ ಅಂತರವಿದೆ. ತಂಪು ಪಾನೀಯದಲ್ಲಿ ಸನ್‌ಸೆಟ್ ಯೆಲ್ಲೊಗೆ ನಮ್ಮ ಮಿತಿ ಲೀಟರಿಗೆ ಸುಮಾರು 100 ಮಿಲಿಗ್ರಾಂ; ಯೂರೋಪಿನದು 20. ಅಮೆರಿಕದಲ್ಲಿ ಅಂಕಿಯ ಮಿತಿಯಿಲ್ಲ. ಬದಲಿಗೆ ತಯಾರಾದ ಬಣ್ಣದ ಪ್ರತಿ ಕಂತನ್ನೂ ಸರ್ಕಾರವೇ ಪರೀಕ್ಷಿಸಿ ಪ್ರಮಾಣೀಕರಿಸಬೇಕು.

ವಿಜ್ಞಾನ ಎಲ್ಲರಿಗೂ ಒಂದೇ ಅಲ್ಲವೆ? ಹೌದು, ಆದರೆ ಅನುಮಾನ ಬಂದಾಗ ಏನು ಮಾಡಬೇಕೆಂಬುದು ಒಂದೇ ಅಲ್ಲ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೆಲವು ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಿತು. ಸಾಕ್ಷ್ಯ ದುರ್ಬಲವೆಂದು ಯೂರೋಪಿನ ತಜ್ಞರೇ ಹೇಳಿದರು. ಆದರೂ 2010ರ ಜುಲೈನಿಂದ ಅಲ್ಲಿ ಆರು ಬಣ್ಣಗಳಿಗೆ ‘ಮಕ್ಕಳ ಚಟುವಟಿಕೆ, ಗಮನದ ಮೇಲೆ ದುಷ್ಪರಿಣಾಮ ಆಗಬಹುದು’ ಎಂಬ ಎಚ್ಚರಿಕೆ ಕಡ್ಡಾಯವಾಯಿತು. ಆ ಸಾಲು ಮುದ್ರಿಸುವುದಕ್ಕಿಂತ ಬಣ್ಣ ಬದಲಿಸುವುದೇ ಮೇಲೆಂದು ಅನೇಕ ಕಂಪೆನಿಗಳು ಕ್ಯಾರೆಟ್ಟಿನ ಮೊರೆಹೋದವು. ಅಮೆರಿಕದ ತಜ್ಞರ ಸಮಿತಿ 2011ರಲ್ಲಿ ಅದೇ ಸಾಕ್ಷ್ಯ ನೋಡಿ ಎಚ್ಚರಿಕೆ ಬೇಡವೆಂದಿತು.

ಅಮೆರಿಕ ಎಲ್ಲದರಲ್ಲೂ ಸಡಿಲವೆಂದಲ್ಲ. ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದ ಬಣ್ಣಕ್ಕೆ ಅನುಮತಿ ಕೂಡದೆಂಬುದು ಅಲ್ಲಿನ ಕಾನೂನು. ಇಲಿಗಳಲ್ಲಿ ಗಡ್ಡೆ ತಂದ ಎರಿತ್ರೋಸಿನ್‌ನ ಅನುಮತಿಯನ್ನು ಅದು 2025ರ ಜನವರಿಯಲ್ಲಿ ಹಿಂತೆಗೆಯಿತು, ಮನುಷ್ಯರಲ್ಲಿ ಹಾಗಾಗದೆಂದು ಒಪ್ಪಿಕೊಂಡೇ. ನಮ್ಮ ಪಟ್ಟಿಯಲ್ಲಿ ಆ ಬಣ್ಣಕ್ಕೆ ಎಡೆಯಿದೆ.

ದೇಶ ದಾಟದೆಯೂ ಕಾನೂನು ಬದಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಸಿಕ್ಕ ಬಣ್ಣಗಳಲ್ಲಿ ಬಾಟಲಿಗೆ ಸಲ್ಲುವ ಸನ್‌ಸೆಟ್ ಯೆಲ್ಲೊ ಇತ್ತು. ಯಾವ ತಿನಿಸಿಗೂ ಸಲ್ಲದ, ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ಇವೆರಡೂ ಒಂದೇ ತೂಕದ ಅಪರಾಧಗಳಲ್ಲ. ಮೊದಲನೆಯದು ಮಿತಿಯ, ಜಾಗದ ಪ್ರಶ್ನೆ. ಎರಡನೆಯದು ವಿಷದ ಪ್ರಶ್ನೆ.

ತಂದೆತಾಯಂದಿರಿಗೆ ಒಂದು ಲೆಕ್ಕ ಉಪಯೋಗಕ್ಕೆ ಬಂದೀತು. ಸನ್‌ಸೆಟ್ ಯೆಲ್ಲೊ ದಿನಕ್ಕೆ ದೇಹತೂಕದ ಕಿಲೋಗೆ 4 ಮಿಲಿಗ್ರಾಂ ಮೀರಬಾರದೆಂಬುದು ಅಂತರರಾಷ್ಟ್ರೀಯ ತಜ್ಞರ ಮಾತು. 20 ಕಿಲೋ ತೂಗುವ ಮಗುವಿಗೆ 80 ಮಿಲಿಗ್ರಾಂ. ಬಣ್ಣ ನಮ್ಮ ಮಿತಿಯ ತುದಿಯಲ್ಲಿದ್ದರೂ 200 ಮಿಲಿಲೀಟರ್ ಬಾಟಲಿಯಲ್ಲಿರುವುದು 20 ಮಿಲಿಗ್ರಾಂ. ಒಂದು ಬಾಟಲಿಗೆ ಗಾಬರಿ ಬೇಡ. ಲೀಟರುಗಟ್ಟಲೆ ಕುಡಿಸುವುದು ಬೇಡ. ಲೇಬಲ್ಲೇ ಇಲ್ಲದ ಬಣ್ಣದ ನೀರಿಗೆ ಮಾತ್ರ ಯಾವ ಲೆಕ್ಕವೂ ಅನ್ವಯಿಸದು. ಅದನ್ನು ದೂರವಿಡುವುದೇ ಕ್ಷೇಮ.