ಸೌದೆಗೆ ಹೋದ ಚೆನ್ನೆಮಣೆ

ಆಟಿ ತಿಂಗಳ ಮಳೆ ಹಿಡಿದರೆ ನಮ್ಮ ಹಳೇ ಮನೆಯ ಚಾವಡಿಯಲ್ಲಿ ಚೆನ್ನೆಮಣೆಯ ಸದ್ದು ಇರುತ್ತಿತ್ತು. ಉಮ್ಮ ಒಂದು ಕಡೆ, ನೆರೆಮನೆಯ ಹೆಂಗಸರು ಇನ್ನೊಂದು ಕಡೆ. ಅಂಗಳದಲ್ಲಿ ನೀರು ತುಂಬಿ ಕೆಲಸವಿಲ್ಲದ ದಿನಗಳವು. ಜಾತಿ ಧರ್ಮದ ಲೆಕ್ಕವಿಲ್ಲದೆ ತುಳುನಾಡಿನ ಮನೆಮನೆಯಲ್ಲೂ ಇದ್ದ ಆಟ ಅದು. ಘಟ್ಟದ ಮೇಲೆ ಇದನ್ನೇ ಅಳಗುಳಿಮಣೆ ಅನ್ನುತ್ತಾರೆ, ತಮಿಳರು ಪಲ್ಲಾಂಗುಳಿ ಅನ್ನುತ್ತಾರೆ. ಅರಬ್ ನಾಡುಗಳಲ್ಲಿ, ಆಫ್ರಿಕಾದಲ್ಲಿ ಆಡುವ ಇಂಥ ಆಟಗಳಿಗೆ ಮಂಕಲ ಎಂದು ಹೆಸರು. 'ನಕಲ' ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಆ ಅರಬಿ ಪದದಿಂದಲೇ ಮಂಕಲ ಬಂದಿದೆ.

ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದಲ್ಲಿದ್ದ ಸಾಮಾನೆಲ್ಲ ಕೆಳಗೆ ಬಂತು. ಅದರಲ್ಲಿ ಗೆದ್ದಲು ತಿಂದ ಚೆನ್ನೆಮಣೆಯೂ ಇತ್ತು. ನಾವೇ ಅದನ್ನು ಬಚ್ಚಲ ಒಲೆಗೆ ಹಾಕಿದೆವು. ಉಮ್ಮನನ್ನು ಕೇಳಲಿಲ್ಲ. ಉಮ್ಮ ಕೂಡ ಏನೂ ಹೇಳಲಿಲ್ಲ.

ಕಳೆದ ವರ್ಷ ಉಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಅಲ್ಲಾಹನ ದಯೆಯಿಂದ ಮಾತು ಉಳಿಯಿತು, ನಡೆಯಲಿಕ್ಕೂ ಆಗ್ತದೆ, ಆದರೆ ಬಲಗೈಯ ಬೆರಳುಗಳಲ್ಲಿ ಶಕ್ತಿ ಇಲ್ಲ. ಸಣ್ಣ ಸಣ್ಣ ವಸ್ತುಗಳನ್ನು ಹೆಕ್ಕಿಸಿ, ಒಂದೊಂದಾಗಿ ಬಿಡಿಸಿ ಎಂದರು ವೈದ್ಯರು. ನಾವು ಬಟ್ಟಲಲ್ಲಿ ಕಡಲೆ ಹಾಕಿ ಕೊಟ್ಟೆವು. ಎರಡು ದಿನ ಹೆಕ್ಕಿ ಉಮ್ಮ ಬಟ್ಟಲನ್ನು ದೂರ ತಳ್ಳಿದರು. "ಇದಕ್ಕಿಂತ ಆ ಚೆನ್ನೆಮಣೆಯಾದರೂ ಇದ್ದಿದ್ದರೆ" ಎಂದರು. ಆವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಪೇಟೆಯಲ್ಲಿ ಹೊಸ ಮಣೆ ಸಿಗ್ತಿತ್ತೋ ಏನೋ. ಆದರೆ ಸುಟ್ಟದ್ದು ನಾವು, ಮಾಡಿಕೊಡಬೇಕಾದದ್ದೂ ನಾವೇ ಅಂತ ಅನಿಸಿತು. ಬಾಗಿಲ ದಾರಂದ ಮಾಡಿ ಉಳಿದ ಹಲಸಿನ ಹಲಗೆಯೊಂದು ಕೊಟ್ಟಿಗೆಯಲ್ಲಿ ನಾಲ್ಕು ವರ್ಷದಿಂದ ಬಿದ್ದಿತ್ತು. ಅದನ್ನು ಹೊತ್ತುಕೊಂಡು ಊರಿನ ಆಚಾರಿಯವರ ಬಳಿ ಹೋದೆವು. ಅವರು ಬೆರಳಿನಿಂದ ತಟ್ಟಿ ನೋಡಿ, "ಚೆನ್ನಾಗಿ ಒಣಗಿದೆ ಉಸ್ತಾದರೇ, ಇನ್ನು ಸೀಳುವುದಿಲ್ಲ" ಎಂದರು. ಹಸಿ ಮರದಲ್ಲಿ ಮಾಡಿದರೆ ಒಣಗುವಾಗ ಬಿರುಕು ಬಿಡ್ತದೆ, ಹಲಗೆಯೂ ಬಾಗ್ತದೆ.

"ಮೆಷಿನಿನಲ್ಲಿ ಕೊರೆದರೆ ಅರ್ಧ ದಿನದ ಕೆಲಸ, ಅಲ್ವಾ?" ಎಂದು ಕೇಳಿದೆವು. ಅವರು ನಕ್ಕರು. "ಕೊರೆಯಬಹುದು. ಆದರೆ ನನ್ನ ಮೆಷಿನಿನಲ್ಲಿ ಗುಳಿಯ ತಳ ಚಪ್ಪಟೆ ಆಗ್ತದೆ. ಕಾಯಿ ಮೂಲೆಗೆ ಹೋಗಿ ಕೂರ್ತದೆ. ನಿಮ್ಮ ತಾಯಿಯ ಬೆರಳಿಗೆ ಸಿಕ್ಕುವುದಿಲ್ಲ. ತಳ ಬಟ್ಟಲಿನ ಹಾಗೆ ಇರಬೇಕು, ಬಾಚಿದರೆ ಎಲ್ಲಾ ಕಾಯಿ ಒಟ್ಟಿಗೆ ಕೈಗೆ ಬರಬೇಕು." ಹಾಗಾಗಿ ಉಳಿಯಿಂದಲೇ ಕೆತ್ತುವುದು ಎಂದಾಯಿತು.

ಮಾಡುವವರಿಗೆ ಬೇಕಾದೀತು ಎಂದು ಅಳತೆ ಹೇಳುತ್ತೇವೆ. ಹಲಗೆ 30 ಇಂಚು ಉದ್ದ, 8 ಇಂಚು ಅಗಲ, 2 ಇಂಚು ದಪ್ಪ. ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಅದರ ಎರಡೂ ಬದಿಗೆ ಏಳೇಳು ಗುಳಿ, ಒಟ್ಟು 14. ಒಂದೊಂದು ಗುಳಿ ಎರಡೂವರೆ ಇಂಚು ಅಗಲ, ಮುಕ್ಕಾಲು ಇಂಚು ಆಳ, ನಡುವೆ ಅರ್ಧ ಇಂಚು ಅಂತರ. ಗೆದ್ದ ಕಾಯಿ ಹಾಕಲಿಕ್ಕೆ ಎರಡು ತುದಿಯಲ್ಲಿ 3 ಇಂಚಿನ ಒಂದೊಂದು ದೊಡ್ಡ ಗುಳಿ. ಮೊದಲು ಕೈವಾರದಿಂದ ವೃತ್ತ ಎಳೆದುಕೊಳ್ಳಬೇಕು.

ಅಸರ್ ಮತ್ತು ಮಗ್ರಿಬ್ ನಡುವೆ ಮದ್ರಸದ ಕೆಲಸ ಇರುವುದಿಲ್ಲ. ಆ ಹೊತ್ತಿನಲ್ಲಿ ಆಚಾರಿಯವರ ಕೊಟ್ಟಿಗೆಯಲ್ಲಿ ಕೂತು ದಿನಕ್ಕೊಂದು ಗುಳಿಯಂತೆ ಕೆತ್ತಿದೆವು. ಮೊದಲ ದಿನವೇ ಎಡವಟ್ಟು. ಬಾಗಿದ ಉಳಿಯನ್ನು ಮರದ ಎಳೆಯ ಉದ್ದಕ್ಕೆ ಇಟ್ಟು ಕೊಡತಿಯಿಂದ ಜೋರಾಗಿ ಹೊಡೆದೆವು. ಎರಡು ಗುಳಿಗಳ ನಡುವಿನ ದಂಡೆಯೇ ಚಕ್ಕೆ ಎದ್ದು ಬಂತು. ಆಚಾರಿಯವರು ಬೈಯಲಿಲ್ಲ. ಚಕ್ಕೆಗೆ ಮರದ ಅಂಟು ಹಚ್ಚಿ ಅಲ್ಲಿಗೇ ಒತ್ತಿ ಕಟ್ಟಿಟ್ಟರು. "ಎಳೆಗೆ ಅಡ್ಡವಾಗಿ ಹಿಡಿಯಿರಿ. ಅಂಚಿನಿಂದ ನಡುವಿಗೆ ಇಳಿಯಿರಿ, ನಡುವಿನಿಂದ ಅಂಚಿಗೆ ಹತ್ತಬೇಡಿ" ಎಂದರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವ ನಾವು ಆ ಕೊಟ್ಟಿಗೆಯಲ್ಲಿ ಒಂದನೇ ತರಗತಿಯ ಮಗು.

ಕೆತ್ತಿ ಮುಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜುವ ಕೆಲಸ. ಮೊದಲು 80ನೇ ನಂಬರ್, ಮತ್ತೆ 120, ಕೊನೆಗೆ 220. ಈ ಕೆಲಸ ಮನೆಯ ಮಕ್ಕಳು ಮಾಡಿದರು. ಮೊಬೈಲ್ ಬೇಕೆಂದು ಹಟ ಮಾಡುವ ಮಕ್ಕಳೇ "ನನ್ನ ಗುಳಿ ನುಣುಪು, ನಿನ್ನದು ಒರಟು" ಎಂದು ಜಗಳಕ್ಕೆ ಬಿದ್ದರು. ಮೇಲೆ ಪೇಂಟ್ ಅಂಗಡಿಯ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಒರೆಸಿ, ನೆರಳಲ್ಲಿ ಒಣಗಿಸಿದೆವು. ಹಳದಿ ಹಲಗೆಗೆ ಜೇನಿನ ಬಣ್ಣ ಬಂತು. ಒಂದು ಎಚ್ಚರಿಕೆ ಉಂಟು: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತನ್ನಿಂದ ತಾನೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹೊರಗೆ ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು.

ಗುಳಿಗೆ ನಾಲ್ಕರಂತೆ 56 ಕಾಯಿ ಬೇಕು. ನಾವು ಮಂಜೊಟ್ಟಿ ಕಾಯಿ ಹೆಕ್ಕಿ ತಂದೆವು. ಪೂರ್ತಿ ಕೆಂಪು, ಕಲ್ಲಿನಷ್ಟು ಗಟ್ಟಿ. ಕೆಂಪಿನ ಮೇಲೆ ಕಪ್ಪು ಚುಕ್ಕೆ ಇರುವ ಗುಲಗಂಜಿಯನ್ನು ಮಾತ್ರ ತರಬೇಡಿ. ಅದು ಕಡುವಿಷ, ಮಕ್ಕಳು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜ ಸಾಕು. ಯಾವ ಕಾಯಿಯೇ ಆಗಲಿ, ಸಣ್ಣ ಮಕ್ಕಳ ಬಾಯಿಗೆ ಸಿಗದ ಹಾಗೆ ಇಡಿ.

ಆಟದ ಕ್ರಮ ಊರಿಂದ ಊರಿಗೆ ಬೇರೆ. ನಮ್ಮ ಮನೆಯದು ಹೀಗೆ: ತನ್ನ ಬದಿಯ ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ, ಬಲಕ್ಕೆ ಗುಳಿಗೊಂದರಂತೆ ಬಿಡುತ್ತಾ ಸುತ್ತು ಬರುವುದು. ಕೈ ಖಾಲಿಯಾದರೆ ಮುಂದಿನ ಗುಳಿಯದ್ದನ್ನು ಬಾಚಿ ಮುಂದುವರಿಸುವುದು. ಮುಂದಿನ ಗುಳಿ ಖಾಲಿ ಇದ್ದರೆ, ಅದರ ಆಚೆಯ ಗುಳಿಯಲ್ಲಿ ಇದ್ದಷ್ಟು ನಮ್ಮದು. ಆಮೇಲೆ ಎದುರಿನವರ ಸರದಿ. "ಉಸ್ತಾದ್, ಇದು ಆಡಬಹುದಾ?" ಎಂದು ಒಬ್ಬರು ಕೇಳಿದರು. ಇದರಲ್ಲಿ ದಾಳವಿಲ್ಲ, ಲೆಕ್ಕವೇ ಎಲ್ಲ. ಹಣ ಕಟ್ಟಬಾರದು, ಬಾಂಗ್ ಕೇಳಿದ ಮೇಲೆ ಆಟ ನಿಲ್ಲಬೇಕು. ನಮ್ಮ ಮನೆಯಲ್ಲಿ ಈ ಎರಡು ಮಾತು ಖಡಾಖಂಡಿತ.

ಮಣೆಯನ್ನು ಉಮ್ಮನ ಮುಂದೆ ಇಟ್ಟಾಗ ಅವರು ಕಾಯಿ ಮುಟ್ಟಲಿಲ್ಲ. ಎಡಗೈಯಿಂದ ಅಂಚು ಸವರುತ್ತಾ ಹೋಗಿ, ಅಂಟು ಹಾಕಿದ ಜಾಗದಲ್ಲಿ ಬೆರಳು ನಿಲ್ಲಿಸಿದರು. "ಇದು ನೀನು ಕೆತ್ತಿದ್ದಾ ಮೋನೇ?" ಎಂದರು. ಹೌದು ಎಂದೆವು. ಹಳೇ ಮಣೆ ಸುಟ್ಟದ್ದು ತಪ್ಪಾಯಿತು ಎಂದೂ ಹೇಳಿದೆವು. ಅಷ್ಟು ವರ್ಷ ಹೇಳದೆ ಇದ್ದ ಮಾತು. ಉಮ್ಮ ಅದಕ್ಕೆ ಉತ್ತರಿಸದೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು.

ಮೊದಮೊದಲು ಕಾಯಿ ಬೆರಳಿನಿಂದ ಜಾರಿ ಚಾಪೆಗೆ ಬೀಳುತ್ತಿತ್ತು. ಈಗ ಮೂರು ತಿಂಗಳಾಯಿತು. ಬಲಗೈ ಪೂರ್ತಿ ಸರಿಯಾಗಿಲ್ಲ, ಆದರೂ ನಾಲ್ಕು ಕಾಯಿ ಬಾಚಿ ಒಂದೊಂದೇ ಬಿಡ್ತಾರೆ. ಮೊಮ್ಮಗಳು ಕಳ್ಳಾಟ ಆಡಿದರೆ ಕೂಡಲೇ ಗೊತ್ತಾಗ್ತದೆ.

ನಮ್ಮ ಊರುಗಳಲ್ಲಿ ಹಳೇ ಮನೆ ಕೆಡವಿ ಹೊಸ ಮನೆ ಕಟ್ಟುವುದು ನಡೆದೇ ಇದೆ, ಅದು ಸಂತೋಷವೇ. ಆದರೆ ಅಟ್ಟದ ಸಾಮಾನನ್ನು ಗುಜರಿಗೋ ಒಲೆಗೋ ಹಾಕುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕರೆದು, "ಇದರಲ್ಲಿ ನಿಮಗೆ ಯಾವುದು ಬೇಕು?" ಎಂದು ಕೇಳಿ. ನಾವು ಕೇಳಿರಲಿಲ್ಲ.